ಪರಿಚಾರಕರ ಯೋಗಕ್ಷೇಮ

ಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಂತಿದೆಯೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹೇಳಿದೆ. ವೈದ್ಯ, ಔಷಧ, ಪರಿಚಾರಕ, ರೋಗಿ, ಇವೇ ಆ ನಾಲ್ಕು ಪಾದಗಳು. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಆ ಗ್ರಂಥ ಎಣಿಸಿಕೊಟ್ಟಿದೆ. ಪರಿಚಾರಕನಲ್ಲಿ ಇರಬೇಕಾದವು ಇವು: ಶುಶ್ರೂಷೆಯ ತಿಳಿವಳಿಕೆ, ಕೆಲಸದಲ್ಲಿ ದಕ್ಷತೆ, ರೋಗಿಯ ಮೇಲೆ ಅನುರಾಗ, ಶುಚಿತ್ವ. ನಾಲ್ಕರಲ್ಲಿ ವೈದ್ಯನೇ ಪ್ರಧಾನನೆಂದು ಅದೇ ಗ್ರಂಥ ಒಪ್ಪಿದರೂ ಪರಿಚಾರಕನನ್ನು ಅದು ಪಾದವೆಂದೇ ಎಣಿಸಿದೆ, ಊರುಗೋಲೆಂದು ಎಣಿಸಿಲ್ಲ.

ವೈದ್ಯನನ್ನು ನಾರಾಯಣನಿಗೆ ಹೋಲಿಸಿ ಕೈಮುಗಿಯುವುದು ನಮ್ಮ ಜನಕ್ಕೆ ರೂಢಿಯಾಗಿದೆ. ಔಷಧದ ಮಹಿಮೆಯನ್ನು ಹೇಳುವವರಿಗೂ ಬರವಿಲ್ಲ. ಪರಿಚಾರಕನ ಕಡೆಗೆ ಮಾತ್ರ ಯಾರೂ ಹೊರಳಿ ನೋಡುವುದಿಲ್ಲ. ಚರಕನ ಕಾಲದಲ್ಲಿ ಅವನು ಮನೆಯ ಮಗನೋ, ವೈದ್ಯನ ಶಿಷ್ಯನೋ, ಊಳಿಗದವನೋ ಆಗಿದ್ದಿರಬೇಕು. ಅವನ ಅನ್ನವಸ್ತ್ರದ ಮಾತನ್ನು ಶಾಸ್ತ್ರ ಎತ್ತಲಿಲ್ಲವೆಂದರೆ ಆಶ್ಚರ್ಯವಿಲ್ಲ. ನಮ್ಮ ಕಾಲದ ಪರಿಚಾರಕನಾದರೋ ಸಂಬಳವನ್ನು ನೆಚ್ಚಿದ ನೌಕರ. ಅನೇಕ ವೇಳೆ ಸರಕಾರದ ಕೆಲಸವನ್ನು ಗುತ್ತಿಗೆಗೆ ಹಿಡಿದ ಸಂಸ್ಥೆಯೊಂದರ ನೌಕರ. ರೋಗಿಯ ಯೋಗಕ್ಷೇಮವನ್ನು ಅವನು ನೋಡುತ್ತಾನೆ. ಅವನ ಯೋಗಕ್ಷೇಮವನ್ನು ನೋಡುವವರು ಯಾರು? ಈ ಪ್ರಶ್ನೆಯನ್ನು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ದಾರಿಯಲ್ಲಿ ನಿಂತು ಕೇಳಿಕೊಳ್ಳುವುದು ಉಚಿತ. ಏಕೆಂದರೆ ಈ ಸೀಮೆಯಲ್ಲಿ ಚಿಕಿತ್ಸೆಯ ಒಂದು ದೊಡ್ಡ ಭಾಗ ದಾರಿಯಲ್ಲಿಯೇ ನಡೆದುಹೋಗುತ್ತದೆ.

ದಾರಿಯೇ ಆಸ್ಪತ್ರೆ

ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆ ರೂಪುಗೊಂಡದ್ದು 1997ರ ಆಗಸ್ಟ್ 24ರಂದು. 2011ರ ಜನಗಣತಿಯಲ್ಲಿ ಇದರ ಜನಸಂಖ್ಯೆ ಸುಮಾರು 16 ಲಕ್ಷ. ಬಡಗಣಕ್ಕೆ ಹುಬ್ಬಳ್ಳಿ, ತೆಂಕಣಕ್ಕೆ ದಾವಣಗೆರೆ. ಎರಡರ ನಡುವೆ, ಹೆಚ್ಚುಕಡಿಮೆ ಸಮದೂರದಲ್ಲಿ, ಹಾವೇರಿ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು 1957ರಲ್ಲಿ ಬಂದಿತು, ದಾವಣಗೆರೆಯಲ್ಲಿ 1965ರಲ್ಲಿ. ಹಾವೇರಿಯ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಆರಂಭವಾದದ್ದು 2022-23ನೆಯ ಶೈಕ್ಷಣಿಕ ವರ್ಷದಲ್ಲಿ. ಅಂದರೆ ಅರ್ಧ ಶತಮಾನಕ್ಕೂ ಮಿಕ್ಕಿ ಈ ಸೀಮೆಯ ಜನ, ತಲೆಗೆ ಪೆಟ್ಟು ಬಿದ್ದರೆ, ಹೆರಿಗೆ ಕಷ್ಟವಾದರೆ, ಎಳೆಗೂಸಿಗೆ ಉಸಿರು ಸಿಕ್ಕಿಕೊಂಡರೆ, ಎರಡು ದೊಡ್ಡ ಆಸ್ಪತ್ರೆಗಳಲ್ಲೊಂದರ ಕಡೆಗೆ ಧಾವಿಸುತ್ತಲೇ ಬಂದಿದ್ದಾರೆ. ತಾಲೂಕು ಆಸ್ಪತ್ರೆಯ ವೈದ್ಯರು ಚೀಟಿ ಬರೆದು ‘ಮುಂದಕ್ಕೆ ಒಯ್ಯಿರಿ’ ಎಂದಾಗ ಆ ‘ಮುಂದಕ್ಕೆ’ ಎಂಬ ಮಾತಿನಲ್ಲಿ ಎಪ್ಪತ್ತು ಎಂಬತ್ತು ಕಿಲೋಮೀಟರುಗಳು ಅಡಗಿರುತ್ತವೆ.

ಪೆಟ್ಟು ಬಿದ್ದವನ ಪ್ರಾಣ ಉಳಿಯುವುದೂ ಹೋಗುವುದೂ ಮೊದಲ ಒಂದು ತಾಸಿನಲ್ಲಿ ತೀರ್ಮಾನವಾಗುತ್ತದೆಂದು ಅಮೆರಿಕದ ಬಾಲ್ಟಿಮೋರ್ ನಗರದ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ ಸಾರಿದರು. ಅದಕ್ಕೆ ಅವರು ಕೊಟ್ಟ ‘ಸುವರ್ಣ ತಾಸು’ ಎಂಬ ಹೆಸರು ಲೋಕಪ್ರಸಿದ್ಧವಾಗಿದೆ. ಆ ತಾಸನ್ನು ಗಡಿಯಾರದ ಮುಳ್ಳಿನಷ್ಟು ನಿಷ್ಠುರವಾಗಿ ತೆಗೆದುಕೊಳ್ಳಬೇಕಾಗಿಲ್ಲವಾದರೂ ಅದರ ಇಂಗಿತ ಸ್ಪಷ್ಟವಾಗಿದೆ. ಹಾವೇರಿಯ ರೋಗಿಗೆ ಆ ತಾಸು ಕಳೆಯುವುದು ಗಾಡಿಯೊಳಗೆ. ಆ ಹೊತ್ತಿನಲ್ಲಿ ಅವನ ಬಳಿ ವೈದ್ಯನಿಲ್ಲ, ಆಸ್ಪತ್ರೆಯಿಲ್ಲ. ಇರುವವರು ಇಬ್ಬರು: ಹಿಂದೆ ಕುಳಿತು ಉಸಿರು, ನಾಡಿ, ರಕ್ತಸ್ರಾವಗಳನ್ನು ನೋಡಿಕೊಳ್ಳುವ ತುರ್ತು ಚಿಕಿತ್ಸಾ ಸಿಬ್ಬಂದಿ, ಮುಂದೆ ಗಾಡಿ ನಡೆಸುವ ಚಾಲಕ. ಇವರಲ್ಲಿ ಮೊದಲನೆಯವರನ್ನು ‘ಇಎಂಟಿ’ ಎಂದೂ ಎರಡನೆಯವರನ್ನು ‘ಪೈಲಟ್’ ಎಂದೂ ಸಂಸ್ಥೆಯ ಪರಿಭಾಷೆಯಲ್ಲಿ ಕರೆಯುವುದುಂಟು. ಹಳ್ಳಿಯವರಿಗೆ ಇಬ್ಬರೂ ‘ನೂರಾಎಂಟರವರು’.

ಒಂದು ಸಂಖ್ಯೆಯ ಚರಿತ್ರೆ

108 ಎಂಬ ಸಂಖ್ಯೆ ನಮ್ಮಲ್ಲಿ ಜಪಮಾಲೆಯ ಮಣಿಗಳಿಂದ ಪರಿಚಿತವಾದುದು. ಅದು ಸಂಕಟಕಾಲದ ದೂರವಾಣಿ ಸಂಖ್ಯೆಯಾದದ್ದು 2005ರಲ್ಲಿ, ಹೈದರಾಬಾದಿನಲ್ಲಿ. ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ರಾಮಲಿಂಗ ರಾಜು ಅವರು ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಇಎಂಆರ್‌ಐಯನ್ನು ಕಟ್ಟಿ, ಆಂಧ್ರಪ್ರದೇಶದಲ್ಲಿ ಈ ಸೇವೆಯನ್ನು ಆರಂಭಿಸಿದರು. ಕರ್ನಾಟಕದಲ್ಲಿ ‘ಆರೋಗ್ಯ ಕವಚ’ವೆಂಬ ಹೆಸರಿನಿಂದ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಇದು ಕಾಲಿರಿಸಿತು. ಹಣ ಸರಕಾರದ್ದು, ನಿರ್ವಹಣೆ ಸಂಸ್ಥೆಯದು ಎಂಬುದು ಒಪ್ಪಂದದ ತಿರುಳು.

ಆರಂಭವಾಗಿ ಎರಡು ತಿಂಗಳು ಕಳೆದಿತ್ತೋ ಇಲ್ಲವೋ, 2009ರ ಜನವರಿ 7ರಂದು ರಾಮಲಿಂಗ ರಾಜು ಅವರು ಸತ್ಯಂ ಕಂಪನಿಯ ಲೆಕ್ಕಪತ್ರಗಳಲ್ಲಿ ನಡೆದ ವಂಚನೆಯನ್ನು ತಾವೇ ಒಪ್ಪಿಕೊಂಡರು. ಮುಂಬಯಿಯ ಷೇರುಪೇಟೆ ತತ್ತರಿಸಿತೆಂಬುದನ್ನು ಎಲ್ಲರೂ ಬಲ್ಲರು. ಆ ದಿನ ರಾತ್ರಿಪಾಳಿಗೆ ಹೊರಟ ಆಂಬುಲೆನ್ಸ್ ನೌಕರರು ಏನೆಂದುಕೊಂಡರೆಂದು ಯಾರೂ ಕೇಳಲಿಲ್ಲ. ಕರೆಗಳು ಎಂದಿನಂತೆ ಬಂದವು, ಗಾಡಿಗಳು ಎಂದಿನಂತೆ ಓಡಿದವು. ಅದೇ ವರ್ಷ ಜಿವಿಕೆ ಸಮೂಹ ಸಂಸ್ಥೆಯ ಹೊಣೆಯನ್ನು ವಹಿಸಿಕೊಂಡಿತು. ಹೆಸರು ಜಿವಿಕೆ ಇಎಂಆರ್‌ಐ ಎಂದಾಯಿತು. ಎಷ್ಟೋ ದೂರದ ನಗರದಲ್ಲಿ ಯಜಮಾನರು ಬದಲಾದರು. ನೌಕರನ ಮಟ್ಟಿಗೆ ಬದಲಾದದ್ದು ಅಂಗಿಯ ಮೇಲಿನ ಅಕ್ಷರಗಳು. ಗುತ್ತಿಗೆಯ ನೌಕರಿಯ ಮೊದಲ ಪಾಠ ಇದು: ನಾನು ಕಂಡರಿಯದ ಕೋಣೆಯೊಂದರಲ್ಲಿ, ನನ್ನನ್ನು ಕಂಡರಿಯದವರು, ನನ್ನ ನಾಳೆಯನ್ನು ತೀರ್ಮಾನಿಸುತ್ತಾರೆ.

ಒಂದು ಪಾಳಿ

ಹನ್ನೆರಡು ತಾಸಿನ ಒಂದು ಪಾಳಿಯನ್ನು ಕಲ್ಪಿಸಿಕೊಳ್ಳೋಣ. ಪಾತ್ರಗಳಿಗೆ ಹೆಸರು ಬೇಡ. ಈ ದಾರಿಯಲ್ಲಿ ಓಡಾಡಿದ ಯಾರದ್ದಾದರೂ ಆಗಬಹುದು.

ತಿಂಗಳು ಮಾರ್ಚ್. ಬ್ಯಾಡಗಿಯ ಮಾರುಕಟ್ಟೆ ಕೆಂಪಾಗಿದೆ. ಡಬ್ಬಿ, ಕಡ್ಡಿ ಮೆಣಸಿನಕಾಯಿಯ ಚೀಲಗಳು ಬಳ್ಳಾರಿ, ರಾಯಚೂರುಗಳ ಸೀಮೆಯಿಂದಲೂ ಬಂದು ಬೆಟ್ಟದಂತೆ ಬಿದ್ದಿವೆ. ಹಮಾಲರು ಚೀಲ ಹೊರುತ್ತಾರೆ; ಹೆಂಗಸರು ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಆ ಘಾಟಿನಲ್ಲಿ ಉಬ್ಬಸ ಮೊದಲೇ ಇದ್ದವರಿಗೆ ಅದು ಕೆರಳುವುದು ಸಹಜ. ಬೆಳಗಿನ ಮೊದಲ ಕರೆ ಅಂತಹದು. ಮುಖಕ್ಕೆ ಆಮ್ಲಜನಕದ ಮುಸುಕು ಹಾಕಿ, ಬೆಂಗಳೂರಿನಲ್ಲಿರುವ ವೈದ್ಯರ ಸಲಹೆಯನ್ನು ದೂರವಾಣಿಯಲ್ಲಿ ಪಡೆದು, ತಾಲೂಕು ಆಸ್ಪತ್ರೆಗೆ ಮುಟ್ಟಿಸಿ ಹೊರಬರುವ ವೇಳೆಗೆ ಎರಡನೆಯ ಕರೆ.

ಅದು ರಾಣೆಬೆನ್ನೂರಿನ ಕಡೆಯ ಹಳ್ಳಿಯೊಂದರಿಂದ. ಅಲ್ಲಿ ಬೀಜ ಕಂಪನಿಗಳಿಗಾಗಿ ತರಕಾರಿಯ ಹೂವುಗಳಿಗೆ ಹೆಂಗಸರು ಕೈಯಿಂದಲೇ ಪರಾಗಸ್ಪರ್ಶ ಮಾಡುವ ತೋಟಗಳಿವೆ. ತುಂಬು ಬಸುರಿಯೊಬ್ಬಳಿಗೆ ನೋವು ಕಾಣಿಸಿಕೊಂಡಿದೆ. ‘ಅಣ್ಣಾರ, ಲಗೂ ಬರ್ರಿ’ ಎಂದು ಮನೆಯವರು ಕರೆದಿದ್ದಾರೆ. ಊರೊಳಗಿನ ಓಣಿಗೆ ಗಾಡಿ ಹಿಡಿಯುವುದಿಲ್ಲ. ಸ್ಟ್ರೆಚರನ್ನು ಕೈಯಲ್ಲಿ ಒಯ್ಯಬೇಕು. ಅರ್ಧ ದಾರಿಯಲ್ಲಿ ಹೆರಿಗೆಯೇ ಆಗುವ ಸೂಚನೆ ಕಂಡಾಗ ಚಾಲಕನು ಗಾಡಿಯನ್ನು ಹಾದಿಯ ಬದಿಗೆ ನಿಲ್ಲಿಸುತ್ತಾನೆ. ಒಳಗೆ ಜಾಗ ಎಷ್ಟು? ಒಬ್ಬರು ಮೊಣಕಾಲೂರಿ ಕುಳಿತುಕೊಳ್ಳುವಷ್ಟು. ಕೂಸು ಅತ್ತ ಮೇಲೆ ಅದನ್ನು ಒರೆಸಿ, ಬೆಚ್ಚಗೆ ಸುತ್ತಿ, ಹೊಕ್ಕುಳ ಬಳ್ಳಿಗೆ ಹಿಡಿಕೆ ಹಾಕಿ ಕತ್ತರಿಸಿ, ತಾಯಿಯ ರಕ್ತಸ್ರಾವದ ಮೇಲೆ ಕಣ್ಣಿಟ್ಟು, ಎಲ್ಲವನ್ನೂ ನಮೂನೆಯಲ್ಲಿ ಬರೆಯಬೇಕು. ತಾಯಿಮಕ್ಕಳನ್ನು ಆಸ್ಪತ್ರೆಯವರಿಗೆ ಒಪ್ಪಿಸಿ ಗಾಡಿ ತೊಳೆದರೆ ಆ ಅಧ್ಯಾಯ ಮುಗಿಯಿತು. ಕೂಸಿಗೆ ಏನೆಂದು ಹೆಸರಿಟ್ಟರೆಂಬುದು ಅವರಿಗೆ ಗೊತ್ತಾಗುವುದಿಲ್ಲ.

ಈ ಗೊತ್ತಾಗದಿರುವಿಕೆ ಈ ವೃತ್ತಿಯ ಒಂದು ವಿಚಿತ್ರವಾದ ನೋವು. ಶಿಕ್ಷಕನಿಗೆ ಹುಡುಗ ಪಾಸಾದದ್ದು ತಿಳಿಯುತ್ತದೆ. ಒಕ್ಕಲಿಗನಿಗೆ ಬೆಳೆ ಬಂದದ್ದು ಕಾಣುತ್ತದೆ. ಆಂಬುಲೆನ್ಸಿನ ನೌಕರ ಜನರ ಬದುಕಿನ ಅತ್ಯಂತ ಕಠಿಣವಾದ ಒಂದು ತಾಸನ್ನು ಹಂಚಿಕೊಳ್ಳುತ್ತಾನೆ. ಕತೆಯ ಕೊನೆ ಅವನ ಪಾಲಿಗೆ ಬರುವುದಿಲ್ಲ. ಕೆಟ್ಟ ಕೊನೆ ಮಾತ್ರ ಒಮ್ಮೊಮ್ಮೆ ಅವನ ಕಣ್ಣೆದುರಿಗೇ ಆಗುತ್ತದೆ. ಆಗ ಮನೆಯವರ ದುಃಖ ಸಿಟ್ಟಾಗಿ ತಿರುಗುವುದು ತೀರ ಹತ್ತಿರ ನಿಂತವನ ಮೇಲೆ. ‘ತಡಾ ಮಾಡಿ ಬಂದೀರಿ’ ಎಂಬ ಮಾತಿನಿಂದ ಆರಂಭವಾದದ್ದು ಅಂಗಿಯ ಕೊರಳುಪಟ್ಟಿಯವರೆಗೆ ಬರುವುದುಂಟು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕವು 2009ರಲ್ಲಿಯೇ ಕಾನೂನು ಮಾಡಿದೆ. ರಾತ್ರಿ ಎರಡು ಗಂಟೆಗೆ, ಹೊಲದ ದಾರಿಯಲ್ಲಿ, ಆ ಕಾನೂನು ಗಾಡಿಯಲ್ಲಿ ಜೊತೆಗೆ ಕುಳಿತು ಬರುವುದಿಲ್ಲ.

ರಾತ್ರಿಯ ಕರೆಗಳು ಬಹುಮಟ್ಟಿಗೆ ಹೆದ್ದಾರಿಯವು. ಮೊದಲು ನಾಲ್ಕನೆಯ ಸಂಖ್ಯೆಯದೆನಿಸಿಕೊಂಡಿದ್ದು ಈಗ 48ನೆಯದಾಗಿರುವ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ, ಸ್ವಾತಂತ್ರ್ಯ ಹೋರಾಟದಲ್ಲಿ 1943ರಲ್ಲಿ ಬಲಿಯಾದ ಮೈಲಾರ ಮಹಾದೇವಪ್ಪನವರ ಮೋಟೆಬೆನ್ನೂರನ್ನು ಹಾಯ್ದು ಹೋಗುತ್ತದೆ. ಆ ಸೀಮೆಯಲ್ಲಿಯೇ, ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ, 2024ರ ಜೂನ್ 28ರ ನಸುಕಿನಲ್ಲಿ ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲೂಕಿನ ಜನರಿದ್ದ ವಾಹನವು ನಿಂತ ಲಾರಿಗೆ ಹೊಡೆದು 13 ಜನ ಪ್ರಾಣ ಕಳೆದುಕೊಂಡರು. ಅಂತಹ ಸ್ಥಳಕ್ಕೆ ಬಂದು ಇಳಿಯುವ ನೌಕರ ಮೊದಲು ಮಾಡಬೇಕಾದ ಕೆಲಸ ಯಾವುದು? ಯಾರು ಬದುಕಬಲ್ಲರು, ಯಾರನ್ನು ಮೊದಲು ಎತ್ತಬೇಕು ಎಂದು ನಿರ್ಧರಿಸುವುದು. ಕೂಗುವವನಿಗೆ ಉಸಿರಿದೆ, ಸುಮ್ಮನಿರುವವನನ್ನು ಮೊದಲು ನೋಡಬೇಕು. ನ್ಯಾಯಾಧೀಶನಿಗೂ ಸುಲಭವಲ್ಲದ ಇಂತಹ ತೀರ್ಮಾನವನ್ನು ಕೈದೀಪದ ಬೆಳಕಿನಲ್ಲಿ, ನಿಮಿಷಗಳ ಲೆಕ್ಕದಲ್ಲಿ, ಅವರು ಮಾಡಬೇಕು. ಅದರ ನೆನಪನ್ನು ಮನೆಗೂ ಒಯ್ಯಬೇಕು.

ಬಾಗಿಲಲ್ಲಿ ನಿಂತವಳು

ಗಾಡಿ ಬರುವ ಮೊದಲು ರೋಗಿಯ ಮನೆಯ ಬಾಗಿಲಲ್ಲಿ ನಿಂತಿರುವವಳು ಇನ್ನೊಬ್ಬಳಿದ್ದಾಳೆ. ಆಕೆ ಆಶಾ ಕಾರ್ಯಕರ್ತೆ; ಓಣಿಯವರ ಪಾಲಿಗೆ ‘ಆಶಾ ಅಕ್ಕ’. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಹಳ್ಳಿಗೊಬ್ಬಳಂತೆ ಅವಳನ್ನು ನೇಮಿಸಿತು. ಯಾರ ಮನೆಯಲ್ಲಿ ಬಸುರಿಯಿದ್ದಾಳೆ, ಯಾವ ಕೂಸಿಗೆ ಲಸಿಕೆ ಬಾಕಿಯಿದೆ, ಯಾವ ಮುದುಕ ಕ್ಷಯದ ಮಾತ್ರೆಯನ್ನು ನಡುವೆ ಬಿಟ್ಟ, ಎಲ್ಲವೂ ಅವಳ ವಹಿಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪುರಸ್ಕಾರ ನೀಡಿತು.

ಪುರಸ್ಕಾರವೇನೋ ದೊರೆಯಿತು. ನೌಕರಳೆಂಬ ಹೆಸರು ದೊರೆಯಲಿಲ್ಲ. ಸರಕಾರದ ಕಾಗದಗಳಲ್ಲಿ ಅವಳು ‘ಸ್ವಯಂಸೇವಕಿ’. ಅವಳಿಗೆ ಕೊಡುವುದು ಸಂಬಳವಲ್ಲ, ಗೌರವಧನ. ಅದರ ಮೇಲೆ ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಎಲ್ಲ ಮೂಲೆಗಳಿಂದ ಬಂದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ದೊರೆಯುವಂತೆ ಮಾಡುವ ಭರವಸೆಯನ್ನು ಪಡೆದು ಎದ್ದರು. ಅದಕ್ಕೂ ಮೊದಲು, 2023ರ ಫೆಬ್ರವರಿಯಲ್ಲಿ, ಅದೇ ಅಭಿಯಾನದ ಗುತ್ತಿಗೆ ನೌಕರರೂ ಅದೇ ಜಾಗದಲ್ಲಿ ಧರಣಿ ಕುಳಿತಿದ್ದರು.

ಒಂದು ಹೆರಿಗೆಯ ಸುತ್ತ ನಿಂತವರನ್ನು ಈಗ ಎಣಿಸಿ ನೋಡೋಣ. ಕರೆ ಮಾಡಿದ ಆಶಾ ಸ್ವಯಂಸೇವಕಿ, ಗಾಡಿಯ ಇಬ್ಬರು ಸಂಸ್ಥೆಯ ನೌಕರರು, ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿ ತಳ್ಳಿ ತರುವವನು ಮತ್ತೊಂದು ಏಜೆನ್ಸಿಯ ಆಳಾಗಿರಬಹುದು, ಶುಶ್ರೂಷಕಿ ಗುತ್ತಿಗೆಯವಳಿರಬಹುದು, ಅವಳ ಪಕ್ಕದವಳು ಖಾಯಂ ನೌಕರಳು. ಕೂಸು ಒಂದೇ, ಅದನ್ನು ಎತ್ತಿಕೊಂಡ ಕೈಗಳು ಐದು ಬಗೆಯ ಹಾಜರಿ ಪುಸ್ತಕಗಳಲ್ಲಿ ಸಹಿ ಮಾಡುತ್ತವೆ. ಒಂದೇ ಕೆಲಸಕ್ಕೆ ಒಂದೇ ಸೂರಿನಡಿ ಹಲವು ಸಂಬಳಗಳಿದ್ದಾಗ ಹುಟ್ಟುವ ಅವಮಾನ ಹಸಿವಿಗಿಂತ ಕಡಿಮೆಯದಲ್ಲ.

ಯಜಮಾನನಾರು?

ಸಂಬಳ ತಡವಾದಾಗ ಈ ಪ್ರಶ್ನೆ ಬರಿಯ ತತ್ತ್ವವಿಚಾರವಾಗಿ ಉಳಿಯುವುದಿಲ್ಲ. 2022ರಲ್ಲೂ 2023ರಲ್ಲೂ ಕರ್ನಾಟಕದ 108 ನೌಕರರು ವೇತನ ಸಕಾಲಕ್ಕೆ ಬರಲಿಲ್ಲವೆಂದು ಮುಷ್ಕರದ ಎಚ್ಚರಿಕೆ ಕೊಟ್ಟದ್ದು ಪತ್ರಿಕೆಗಳಲ್ಲಿ ಬಂದಿದೆ. ಇಂತಹ ಸಂದರ್ಭದಲ್ಲಿ ಸಂಸ್ಥೆ ಸರಕಾರದ ಕಡೆಗೂ ಸರಕಾರ ಸಂಸ್ಥೆಯ ಕಡೆಗೂ ಬೆರಳು ತೋರಿಸುವುದು ಗುತ್ತಿಗೆ ಪದ್ಧತಿಯ ಜಾಯಮಾನವೇ ಆಗಿದೆ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯನ್ನು ನಾವು ಬಲ್ಲೆವು. ಇಲ್ಲಿ ಬಡವಾಗುವವರು ಇಬ್ಬರು: ಬಾಡಿಗೆ ಕಟ್ಟಬೇಕಾದ ನೌಕರ ಮತ್ತು ಮುಷ್ಕರದ ದಿನ ಕರೆ ಮಾಡುವ ರೋಗಿ. ನೌಕರನು ಇದನ್ನು ಚೆನ್ನಾಗಿ ಬಲ್ಲನಾದ್ದರಿಂದಲೇ ಮುಷ್ಕರ ಅವನಿಗೆ ಎರಡಲಗಿನ ಕತ್ತಿ. ಗಿರಣಿಯ ಕಾರ್ಮಿಕ ಮಗ್ಗವನ್ನು ನಿಲ್ಲಿಸಿದರೆ ನೂಲು ಕಾಯುತ್ತದೆ, ಉಸಿರು ಕಾಯುವುದಿಲ್ಲ.

ಕೆಲಸದ ನಿಷ್ಠೆಗೆ ಒಂದು ಉದಾಹರಣೆ ಅದೇ 2022ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ದೊರೆಯಿತು. ಬೆಂಗಳೂರಿನ ಕರೆಕೇಂದ್ರದ ಯಂತ್ರವ್ಯವಸ್ಥೆ ಕೆಟ್ಟು ರಾಜ್ಯದಾದ್ಯಂತ ಸೇವೆ ಅಸ್ತವ್ಯಸ್ತವಾಯಿತು. ಯಂತ್ರ ಸುಮ್ಮನಾದ ಆ ಅವಧಿಯಲ್ಲಿ ಕರೆಗಳನ್ನು ಕೈಯಿಂದಲೇ ನಿಭಾಯಿಸಿ ಗಾಡಿಗಳಿಗೆ ತಿಳಿಸಬೇಕಾಯಿತು. ಏಳುನೂರಕ್ಕೂ ಹೆಚ್ಚು ಗಾಡಿಗಳ ವ್ಯವಸ್ಥೆಯ ಬೆನ್ನೆಲುಬು ಯಂತ್ರವಲ್ಲ, ಮನುಷ್ಯರೆಂಬುದು ಆ ದಿನಗಳಲ್ಲಿ ತಿಳಿಯಿತು. ಯಂತ್ರ ಸರಿಹೋದ ಮೇಲೆ ಅದು ಮರೆತುಹೋಯಿತು.

ಮಹಾಮಾರಿಯ ಕಾಲದಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರವು ಕೋವಿಡ್ ಸೇವೆಯಲ್ಲಿ ತೊಡಗಿದ ಆರೋಗ್ಯ ಸಿಬ್ಬಂದಿಗೆ 50 ಲಕ್ಷ ರೂಪಾಯಿಗಳ ವಿಮೆ ಘೋಷಿಸಿತು. ಖಾಯಂ ನೌಕರರೊಡನೆ ಗುತ್ತಿಗೆಯವರನ್ನೂ, ದಿನಗೂಲಿಯವರನ್ನೂ, ಹೊರಗುತ್ತಿಗೆಯವರನ್ನೂ, ಆಶಾ ಕಾರ್ಯಕರ್ತೆಯರನ್ನೂ ಅದರಲ್ಲಿ ಸೇರಿಸಲಾಯಿತು. ಇದು ಯೋಗ್ಯವಾದ ಕ್ರಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರಿಂದ ಒಂದು ಮಾತು ಸಿದ್ಧವಾಯಿತು. ಬೇಕೆಂದರೆ ಇವರೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ಸರಕಾರಕ್ಕೆ ಸಾಧ್ಯವಿದೆ. ಸಾವಿನ ಲೆಕ್ಕದಲ್ಲಿ ಸಮಾನರೆಂದು ಎಣಿಸಿದವರನ್ನು ಬದುಕಿನ ಲೆಕ್ಕದಲ್ಲಿ ಬೇರೆ ಬೇರೆ ಪಂಕ್ತಿಗೆ ಕಳಿಸುವುದು ಯಾವ ನ್ಯಾಯ?

ಸಂಸ್ಥೆಯ ಪರವಾಗಿ

ಇಷ್ಟನ್ನು ಹೇಳಿ ಸಂಸ್ಥೆಯ ಪಕ್ಷವನ್ನು ಹೇಳದಿದ್ದರೆ ಅನ್ಯಾಯವಾದೀತು. 108 ಬರುವ ಮೊದಲು ಹಳ್ಳಿಯ ಬಸುರಿಯನ್ನು ಆಸ್ಪತ್ರೆಗೆ ಒಯ್ಯುವ ಸಾಧನ ಯಾವುದಿತ್ತು? ಚಕ್ಕಡಿ, ಟ್ರ್ಯಾಕ್ಟರಿನ ಟ್ರೇಲರು, ಬಾಡಿಗೆಯ ಟೆಂಪೊ. ಸರಕಾರಿ ಆಸ್ಪತ್ರೆಗಳಲ್ಲಿ ಆಂಬುಲೆನ್ಸ್ ಇದ್ದರೂ ಅದು ಬರುವುದು ಡೀಸೆಲ್ಲಿನ ಮೇಲೆ, ಚಾಲಕನ ರಜೆಯ ಮೇಲೆ ನಿಂತಿತ್ತು. ಒಂದೇ ಸಂಖ್ಯೆ, ಉಚಿತ ಸೇವೆ, ತರಬೇತಿ ಪಡೆದ ಸಿಬ್ಬಂದಿ, ಪ್ರತಿ ಕರೆಗೂ ದಾಖಲೆ ಎಂಬ ಶಿಸ್ತನ್ನು ತಂದದ್ದು ಈ ಹೊಸ ವ್ಯವಸ್ಥೆ. ಶುಶ್ರೂಷೆಯ ತರಬೇತಿ ಮುಗಿಸಿ ಊರಲ್ಲಿಯೇ ಕೆಲಸ ಹುಡುಕುತ್ತಿದ್ದ ಎಷ್ಟೋ ಯುವಕ ಯುವತಿಯರಿಗೆ ಅದು ಒಂದು ಹುದ್ದೆಯನ್ನೂ ಒಂದು ವಿದ್ಯೆಯನ್ನೂ ಕೊಟ್ಟಿತು. ಈ ವಿದ್ಯೆಯ ಬಗ್ಗೆ ಅವರಿಗಿರುವ ಹೆಮ್ಮೆ ಸಹಜವಾದದ್ದು, ಸಲ್ಲತಕ್ಕದ್ದು.

ಹೀಗಾಗಿ ದೋಷವೆಲ್ಲ ಕಂಪನಿಯದು, ಗುಣವೆಲ್ಲ ಸರಕಾರದ್ದು ಎಂಬ ಸುಲಭವಾದ ತೀರ್ಪು ನಿಲ್ಲದು. ಸರಕಾರವೇ ನೇರವಾಗಿ ಈ ಸೇವೆಯನ್ನು ನಡೆಸಬೇಕೆಂಬ ಮಾತು ಈಚಿನ ವರ್ಷಗಳಲ್ಲಿ ಕೇಳಿಬಂದಿದೆ. ಅದು ಒಳ್ಳೆಯದೇ ಇರಬಹುದು. ಆದರೆ ಯಜಮಾನ ಬದಲಾದ ಮಾತ್ರಕ್ಕೆ ನೌಕರನ ಹಣೆಬರಹ ಬದಲಾಗುತ್ತದೆಯೆ?

ಇದಕ್ಕೆ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಚರಿತ್ರೆಯಲ್ಲಿ ಒಂದು ಉತ್ತರವಿದೆ. ಅಲ್ಲಿ ಆ ಕಾಲದಲ್ಲಿ ರೋಗಿಗಳನ್ನು ಸಾಗಿಸುತ್ತಿದ್ದುದು ಪೊಲೀಸರ ಗಾಡಿಗಳು. 1966ರಲ್ಲಿ ಮಗಳನ್ನು ಉಬ್ಬಸಕ್ಕೆ ಕಳೆದುಕೊಂಡ ವೈದ್ಯ ಪೀಟರ್ ಸಾಫರ್, ಮರುವರ್ಷ ಆರಂಭವಾದ ‘ಫ್ರೀಡಂ ಹೌಸ್’ ಆಂಬುಲೆನ್ಸ್ ಸೇವೆಗಾಗಿ ನಿರುದ್ಯೋಗಿಗಳಾಗಿದ್ದ ಕಪ್ಪು ಜನಾಂಗದ ಯುವಕರಿಗೆ ತುರ್ತು ಚಿಕಿತ್ಸೆಯನ್ನು ಕಲಿಸಿದರು. ದುಡಿಯಲು ಬಾರದವರೆಂದು ಊರು ಮೂದಲಿಸಿದ್ದ ಆ ಜನ ತಮ್ಮ ದೇಶಕ್ಕೇ ಮಾದರಿಯಾದರು. ಅವರೊಡನೆ ಕೆಲಸ ಮಾಡಿದ ವೈದ್ಯೆ ನ್ಯಾನ್ಸಿ ಕ್ಯಾರೊಲಿನ್ ರೂಪಿಸಿದ ಪಾಠಕ್ರಮ ರಾಷ್ಟ್ರದ ಪಾಠಕ್ರಮವಾಯಿತು. 1975ರಲ್ಲಿ ನಗರಾಡಳಿತವು ತನ್ನದೇ ಸೇವೆಯನ್ನು ಆರಂಭಿಸಿ ಇದನ್ನು ಮುಚ್ಚಿತು. ಹಳಬರನ್ನು ಸೇರಿಸಿಕೊಂಡರೂ ಅವರನ್ನು ಚದುರಿಸಿ ಕಿರಿಯ ಸ್ಥಾನಗಳಲ್ಲಿ ಇರಿಸಿತು. ಬಹುಜನ ಕ್ರಮೇಣ ಹೊರಬಿದ್ದರು. ಸೇವೆ ಸಾರ್ವಜನಿಕವಾಯಿತು, ಅದನ್ನು ಕಟ್ಟಿದವರು ಬೀದಿಪಾಲಾದರು. ಸಂಸ್ಥೆ ಬದಲಾಗುವಾಗ ನೌಕರನ ಅನುಭವವನ್ನೂ ಸೇವಾವಧಿಯನ್ನೂ ಬರೆದು ಕಾಪಾಡದಿದ್ದರೆ ಎಂತಹ ಒಳ್ಳೆಯ ಬದಲಾವಣೆಯೂ ಅವನ ಪಾಲಿಗೆ ಇನ್ನೊಂದು ಒಕ್ಕಲೆಬ್ಬಿಸುವಿಕೆಯಾಗುತ್ತದೆಂಬುದು ಇದರ ಪಾಠ.

ನಮ್ಮ ನ್ಯಾಯಾಲಯಗಳ ದಾರಿಯೂ ನೇರವಾಗಿಲ್ಲ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಹುಟ್ಟಿದ ಉಮಾದೇವಿ ಪ್ರಕರಣದಲ್ಲಿ, 2006ರ ಏಪ್ರಿಲ್ 10ರಂದು, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಹಂಗಾಮಿ ನೌಕರರು ಖಾಯಮಾತಿಯನ್ನು ಹಕ್ಕೆಂದು ಕೇಳಲಾಗದೆಂದು ಹೇಳಿತು. ಹಿಂಬಾಗಿಲ ನೇಮಕಾತಿಯನ್ನು ತಡೆಯುವುದು ಅದರ ಆಶಯ. 2016ರಲ್ಲಿ ಜಗಜಿತ್ ಸಿಂಗ್ ಪ್ರಕರಣದಲ್ಲಿ, ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವ ಹಂಗಾಮಿಗಳಿಗೂ ಸಲ್ಲುತ್ತದೆಂದು ಅದೇ ನ್ಯಾಯಾಲಯ ನುಡಿಯಿತು. 2024ರ ಡಿಸೆಂಬರಿನಲ್ಲಿ ಜಗ್ಗೊ ಪ್ರಕರಣದಲ್ಲಿ, ದಶಕಗಟ್ಟಲೆ ದುಡಿದ ಕಸಗುಡಿಸುವ ಹೆಂಗಸರ ಮತ್ತು ತೋಟದಾಳಿನ ಪರವಾಗಿ ತೀರ್ಪಿತ್ತು, ಉಮಾದೇವಿ ತೀರ್ಪನ್ನು ನೌಕರರ ವಿರುದ್ಧದ ಗುರಾಣಿಯಾಗಿ ಸರಕಾರಗಳು ಬಳಸಬಾರದೆಂದು ಎಚ್ಚರಿಸಿತು. ಗಾಳಿ ತಿರುಗುತ್ತಿರುವಂತೆ ತೋರುತ್ತದೆ. ಆದರೆ ಈ ಮೊಕದ್ದಮೆಗಳ ನೌಕರರಿಗೆ ಸರಕಾರವೆಂಬ ಪ್ರತಿವಾದಿಯಾದರೂ ಕಣ್ಣೆದುರಿಗೆ ಇದ್ದಿತು. ಗುತ್ತಿಗೆ ಸಂಸ್ಥೆಯ ನೌಕರನು ಮೊದಲು ತನ್ನ ಯಜಮಾನ ಯಾರೆಂಬುದನ್ನೇ ಸಾಧಿಸಿ ತೋರಿಸಬೇಕು.

ಏನು ಮಾಡಬಹುದು?

ಮಾಡಬೇಕಾದ ಕೆಲಸಗಳು ಅಸಾಧ್ಯವಾದವುಗಳಲ್ಲ. ಸೇವೆಯನ್ನು ಯಾರಿಗೆ ವಹಿಸಿದರೂ, ಒಪ್ಪಂದದಲ್ಲಿ ನೌಕರನ ಸಂಬಳವನ್ನು ಉಳಿದೆಲ್ಲ ಬಾಬುಗಳಿಂದ ಬೇರ್ಪಡಿಸಿ, ಲೆಕ್ಕದ ತಕರಾರು ಏನೇ ಇರಲಿ ಅದು ತಿಂಗಳ ನಿಶ್ಚಿತ ದಿನ ಕೈಸೇರುವಂತೆ ಮಾಡಬಹುದು. ನಿರ್ವಾಹಕ ಬದಲಾದಾಗ ಸೇವಾವಧಿ ಮುಂದುವರಿಯುವಂತೆ ಬರೆಯಬಹುದು. ದೊಡ್ಡ ಅಪಘಾತದಲ್ಲಿ ದುಡಿದು ಬಂದವರಿಗೆ ಒಂದು ದಿನದ ವಿಶ್ರಾಂತಿಯನ್ನೂ, ಮನಸ್ಸಿನ ಭಾರವನ್ನು ಹೇಳಿಕೊಳ್ಳಲು ಒಬ್ಬ ತಿಳಿದ ಮನುಷ್ಯನನ್ನೂ ಒದಗಿಸಬಹುದು. ಹಾವೇರಿಯ ಹೊಸ ವೈದ್ಯಕೀಯ ಕಾಲೇಜು ಈ ನೌಕರರಿಗೆ ವರ್ಷಕ್ಕೊಮ್ಮೆ ಮರುತರಬೇತಿ ಕೊಡಬಹುದು. ಅವರು ತಂದು ಬಿಟ್ಟ ರೋಗಿ ಏನಾದನೆಂಬುದನ್ನು ಅವರಿಗೆ ತಿಳಿಸುವ ಒಂದು ಪದ್ಧತಿಯನ್ನು ಹಾಕಿಕೊಡಬಹುದು. ಇದಕ್ಕೆ ಖರ್ಚು ಬಹಳವಿಲ್ಲ. ತಾನು ಮಾಡಿದ್ದು ಫಲಿಸಿತೆಂದು ತಿಳಿದವನ ಕೈ ಮುಂದಿನ ಸಲ ಇನ್ನಷ್ಟು ಸ್ಥಿರವಾಗಿರುತ್ತದೆ.

ಚರಕಸಂಹಿತೆ ಪರಿಚಾರಕನಿಂದ ನಾಲ್ಕು ಗುಣಗಳನ್ನು ಬಯಸಿತು. ಆ ಬಯಕೆ ಇಂದಿಗೂ ಸರಿ. ಆದರೆ ಬಯಸುವವರು ಒಂದನ್ನು ತಿಳಿಯಬೇಕು: ತಿಳಿವಳಿಕೆ ಉಳಿಯುವುದು ತರಬೇತಿ ಮುಂದುವರಿದರೆ. ದಕ್ಷತೆ ಬೆಳೆಯುವುದು ಅನುಭವಸ್ಥನು ನಾಲ್ಕು ವರ್ಷಕ್ಕೇ ಬೇಸತ್ತು ಬಿಟ್ಟುಹೋಗದಿದ್ದರೆ. ಶುಚಿತ್ವ ಸಾಧ್ಯವಾಗುವುದು ಎರಡು ಕರೆಗಳ ನಡುವೆ ಗಾಡಿ ತೊಳೆಯಲು ನೀರೂ ಸಮಯವೂ ಇದ್ದರೆ. ಉಳಿದದ್ದು ಅನುರಾಗ. ಅದನ್ನು ಒಪ್ಪಂದದಲ್ಲಿ ಬರೆದು ಪಡೆಯಲಾಗದು, ಕೊಂಡು ತರಲಾಗದು. ರಾತ್ರಿ ಎರಡು ಗಂಟೆಗೆ ಅಪರಿಚಿತನ ತಲೆಯನ್ನು ಅಲುಗದಂತೆ ಎರಡು ಕೈಗಳಲ್ಲಿ ಹಿಡಿದು ಹುಬ್ಬಳ್ಳಿಯವರೆಗೆ ಬರುವವರು ಅದನ್ನು ತಾವಾಗಿಯೇ ಕೊಡುತ್ತಿದ್ದಾರೆ. ಆ ಕೈಗಳ ಒಡೆಯರು ಮನೆಗೆ ಮರಳಿದಾಗ ಅಲ್ಲಿ ಒಲೆ ಉರಿಯುತ್ತಿರುವಂತೆ ನೋಡಿಕೊಳ್ಳುವುದು ನಮಗೆ ಬಿಟ್ಟ ಕೆಲಸ.